ಹಿಟ್ಟಿಗೆ ತಕ್ಕ ಲಟ್ಟಣಿಗೆ

ಮೊದಲು ಒಂದು ಒಗಟು.

ಕೈ ಇಲ್ಲ, ಕಾಲಿಲ್ಲ, ಮಣೆ ಮೇಲೆ ಓಡ್ತದೆ.
ಉಂಡೆಯನ್ನು ಚಂದ್ರ ಮಾಡ್ತದೆ.
ಏನದು?

ಹೌದು, ಲಟ್ಟಣಿಗೆ. ನೀವು ಸರಿಯಾಗಿ ಹೇಳಿದಿರಿ.

ಲಟ್ಟಣಿಗೆ ಇಲ್ಲದ ಮನೆ ಕಡಿಮೆ. ಆದರೆ ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಲಟ್ಟಣಿಗೆ. ಚಪಾತಿಗೂ ಅದೇ, ಪೂರಿಗೂ ಅದೇ. ಹಬ್ಬ ಬಂದರೆ ಹೋಳಿಗೆಗೂ ಅದೇ. ಬೇಸಿಗೆ ಬಂದರೆ ಹಪ್ಪಳಕ್ಕೂ ಅದೇ. ಚಪಾತಿ ಚೆನ್ನಾಗಿ ಬರುತ್ತದೆ. ಹೋಳಿಗೆ ಹರಿಯುತ್ತದೆ. ಹಪ್ಪಳ ದಪ್ಪವಾಗುತ್ತದೆ. ಆಗ ಮನೆಯವರು ಏನನ್ನುತ್ತಾರೆ?

"ನಿನಗೆ ಕೈಗುಣ ಇಲ್ಲ."

"ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ನಿಮಗೆ ಗೊತ್ತು. ಈ ಗಾದೆ ಹೇಳಿ ಎಷ್ಟೋ ಹೆಂಗಸರ ಬಾಯಿ ಮುಚ್ಚಿಸುತ್ತಾರೆ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ಕೈ ಸರಿಯಾಗಿಯೇ ಇರುತ್ತದೆ. ಹಿಟ್ಟಿಗೂ ಲಟ್ಟಣಿಗೆಗೂ ಹೊಂದಿಕೆ ಇರುವುದಿಲ್ಲ.

ಯಾವ ಹಿಟ್ಟಿಗೆ ಯಾವ ಲಟ್ಟಣಿಗೆ? ಯಾಕೆ? ಬನ್ನಿ, ತಿಳಿಯೋಣ.

ಹಿಟ್ಟಿನ ಗುಣ

ಎಲ್ಲ ಹಿಟ್ಟೂ ಒಂದೇ ತರಹ ಅಲ್ಲ.

ಗೋಧಿ ಹಿಟ್ಟನ್ನು ನೀರು ಹಾಕಿ ನಾದಿ ನೋಡಿ. ಎಳೆದರೆ ಹಿಗ್ಗುತ್ತದೆ. ಬಿಟ್ಟರೆ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ. ಗೋಧಿಯಲ್ಲಿ ಒಂದು ಬಗೆಯ ಅಂಟು ಇದೆ. ನಾದಿದಾಗ ಈ ಅಂಟು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಆ ಬಲೆಯೇ ಹಿಟ್ಟನ್ನು ಹಿಡಿದಿಡುತ್ತದೆ. ಮೈದಾ ಕೂಡ ಗೋಧಿಯಿಂದಲೇ ಬಂದದ್ದು. ಅದರಲ್ಲೂ ಈ ಅಂಟು ಇದೆ.

ಜೋಳ, ರಾಗಿ, ಸಜ್ಜೆ, ಅಕ್ಕಿ ಹಿಟ್ಟುಗಳಲ್ಲಿ ಈ ಅಂಟಿನ ಬಲೆ ಇಲ್ಲ. ತಣ್ಣೀರಲ್ಲಿ ಕಲಸಿ ಲಟ್ಟಿಸಿದರೆ ಬಿರಿಯುತ್ತವೆ. ಅದಕ್ಕೇ ನಮ್ಮ ಹಿರಿಯರು ಬಿಸಿನೀರು ಹಾಕಿದರು. ಬಿಸಿನೀರು ಬಿದ್ದಾಗ ಹಿಟ್ಟು ಉಬ್ಬಿ ಗಂಜಿಯ ಹಾಗೆ ಅಂಟಾಗುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇದಕ್ಕೆ "ಜಿಗಿ" ಅನ್ನುತ್ತಾರೆ. ಆದರೂ ಈ ಜಿಗಿ ಗೋಧಿಯ ಅಂಟಿನಷ್ಟು ಗಟ್ಟಿ ಅಲ್ಲ.

ಉದ್ದಿನ ಹಿಟ್ಟು ಇನ್ನೊಂದು ತರಹ. ಅದು ಲೋಳೆ ಲೋಳೆ. ಕೈಗೂ ಅಂಟುತ್ತದೆ, ಮಣೆಗೂ ಅಂಟುತ್ತದೆ.

ಹಿಗ್ಗುವ ಹಿಟ್ಟು, ಬಿರಿಯುವ ಹಿಟ್ಟು, ಅಂಟುವ ಹಿಟ್ಟು. ಈ ಮೂರನ್ನು ನೆನಪಿಡಿ.

ಲಟ್ಟಣಿಗೆಯ ಗುಣ

ಲಟ್ಟಣಿಗೆಯಲ್ಲಿ ನಾಲ್ಕು ಸಂಗತಿ ನೋಡಬೇಕು. ದಪ್ಪ, ಉದ್ದ, ತೂಕ ಮತ್ತು ಮೈ.

ದಪ್ಪ: ಹಾರೆಯ ತುದಿಯನ್ನು ನೆಲಕ್ಕೆ ಒತ್ತಿದರೆ ಒಳಗೆ ಇಳಿಯುತ್ತದೆ. ಅದೇ ಹಾರೆಯನ್ನು ಮಲಗಿಸಿ ಒತ್ತಿದರೆ ಇಳಿಯುವುದಿಲ್ಲ. ಯಾಕೆ? ಒತ್ತುವ ಬಲ ಒಂದೇ. ಆದರೆ ತುದಿಯಲ್ಲಿ ಅದು ಒಂದೇ ಕಡೆ ಬೀಳುತ್ತದೆ. ಮಲಗಿಸಿದಾಗ ಹರಡಿಹೋಗುತ್ತದೆ. ಲಟ್ಟಣಿಗೆಯೂ ಹಾಗೇ. ಸಣ್ಣ ಲಟ್ಟಣಿಗೆ ಹಿಟ್ಟಿನೊಳಗೆ ಆಳಕ್ಕೆ ಒತ್ತುತ್ತದೆ. ದಪ್ಪ ಲಟ್ಟಣಿಗೆ ಅಗಲಕ್ಕೆ, ಮೆಲ್ಲಗೆ ಒತ್ತುತ್ತದೆ.

ಉದ್ದ: ಲಟ್ಟಣಿಗೆ ರೊಟ್ಟಿಯ ಅಗಲಕ್ಕಿಂತ ಉದ್ದ ಇರಬೇಕು. ಗಿಡ್ಡ ಇದ್ದರೆ ಅದರ ತುದಿ ಹಿಟ್ಟಿಗೆ ತಾಗಿ ಗೀರು ಬೀಳುತ್ತದೆ. ಆ ಗೀರಿನಲ್ಲೇ ರೊಟ್ಟಿ ಹರಿಯುತ್ತದೆ.

ತೂಕ: ತೂಕದ ಲಟ್ಟಣಿಗೆ ತಾನೇ ಅರ್ಧ ಕೆಲಸ ಮಾಡುತ್ತದೆ. ಗಟ್ಟಿ ಹಿಟ್ಟಿಗೆ ಅದು ಒಳ್ಳೆಯದು. ಮೆತ್ತನೆ ಹಿಟ್ಟಿಗೆ ಅದು ಭಾರ.

ಮೈ: ಕೆಲವು ಲಟ್ಟಣಿಗೆಯ ಮೈ ನುಣುಪು. ಕೆಲವಕ್ಕೆ ಗೆರೆಗಳು ಇರುತ್ತವೆ. ಗೆರೆ ಇದ್ದರೆ ಅಂಟುವುದು ಕಡಿಮೆ. ಯಾಕೆಂದರೆ ಲಟ್ಟಣಿಗೆಯ ಪೂರ್ತಿ ಮೈ ಹಿಟ್ಟಿಗೆ ತಾಗುವುದಿಲ್ಲ. ಉಬ್ಬಿದ ಗೆರೆ ಮಾತ್ರ ತಾಗುತ್ತದೆ.

ಚಪಾತಿಗೆ

ಚಪಾತಿ ಹಿಟ್ಟು ಹಿಗ್ಗುವ ಹಿಟ್ಟು. ಇದಕ್ಕೆ ಹೆಚ್ಚು ತೂಕ ಬೇಡ. ನಡುವೆ ಸ್ವಲ್ಪ ದಪ್ಪ, ತುದಿಗೆ ಹೋದಂತೆ ಸಣ್ಣ ಆಗುವ ಲಟ್ಟಣಿಗೆ ಒಳ್ಳೆಯದು. 10ರಿಂದ 12 ಅಂಗುಲ ಉದ್ದ ಸಾಕು. ಒಂದು ಕೈಯನ್ನು ಸ್ವಲ್ಪ ಜಾಸ್ತಿ ಒತ್ತಿದರೆ ಚಪಾತಿ ತಾನೇ ತಿರುಗುತ್ತದೆ. ಕೈಯಿಂದ ಎತ್ತಿ ಎತ್ತಿ ತಿರುಗಿಸುವ ಕೆಲಸ ತಪ್ಪುತ್ತದೆ.

ತುದಿಯಿಂದ ತುದಿಗೆ ಒಂದೇ ದಪ್ಪ ಇರುವ ಲಟ್ಟಣಿಗೆಯಲ್ಲೂ ಚಪಾತಿ ಆಗುತ್ತದೆ. ಚಪಾತಿ ಎಲ್ಲ ಕಡೆ ಒಂದೇ ಸಮ ಬರುತ್ತದೆ. ಆದರೆ ತಾನೇ ತಿರುಗುವುದಿಲ್ಲ. ನೀವೇ ತಿರುಗಿಸಬೇಕು.

ಲಟ್ಟಿಸಿದ ಚಪಾತಿ ಮತ್ತೆ ಸಣ್ಣದಾಗುತ್ತದೆಯೇ? ಜೋರಾಗಿ ಒತ್ತಬೇಡಿ. ಅದು ಲಟ್ಟಣಿಗೆಯ ತಪ್ಪಲ್ಲ. ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಗಿದ ಅಂಟು ಸಡಿಲ ಆಗುತ್ತದೆ. ಆಮೇಲೆ ಹಿಟ್ಟು ಹೇಳಿದ ಹಾಗೆ ಕೇಳುತ್ತದೆ.

ಪೂರಿಗೆ

ಪೂರಿ ಹಿಟ್ಟು ಚಪಾತಿ ಹಿಟ್ಟಿಗಿಂತ ಗಟ್ಟಿ. ಉಂಡೆ ಚಿಕ್ಕದು. ಇದಕ್ಕೆ ಗಿಡ್ಡನೆಯ, ತೂಕದ ಲಟ್ಟಣಿಗೆ ಬೇಕು. ತುದಿಯಿಂದ ತುದಿಗೆ ಒಂದೇ ದಪ್ಪ ಇದ್ದರೆ ಇನ್ನೂ ಒಳ್ಳೆಯದು. ಪೂರಿ ಉಬ್ಬಬೇಕಾದರೆ ಎಲ್ಲ ಕಡೆ ಸಮ ಇರಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಚೆನ್ನಾಗಿ ಉಬ್ಬುವುದಿಲ್ಲ.

ಪೂರಿ ಲಟ್ಟಿಸುವಾಗ ಒಣ ಹಿಟ್ಟು ಹಾಕಬೇಡಿ. ಆ ಹಿಟ್ಟು ಬಾಣಲೆಯಲ್ಲಿ ಉದುರಿ ಕಪ್ಪಾಗುತ್ತದೆ. ಎಣ್ಣೆ ಕೆಡುತ್ತದೆ. ಮಣೆಗೂ ಲಟ್ಟಣಿಗೆಗೂ ಒಂದು ಹನಿ ಎಣ್ಣೆ ಸವರಿ. ಸಾಕು.

ಹೋಳಿಗೆಗೆ

ಹೋಳಿಗೆಗೆ ಕಣಕ ಬಹಳ ಮೆತ್ತಗೆ ಇರುತ್ತದೆ. ಒಳಗೆ ಹೂರಣ ಇರುತ್ತದೆ. ಭಾರದ ಲಟ್ಟಣಿಗೆ ಬಿದ್ದರೆ ಏನಾಗುತ್ತದೆ? ಕಣಕ ಹರಿದು ಹೂರಣ ಹೊರಗೆ ಬರುತ್ತದೆ.

ದಕ್ಷಿಣದ ಊರುಗಳಲ್ಲಿ ಅನೇಕರು ಲಟ್ಟಣಿಗೆಯನ್ನೇ ಮುಟ್ಟುವುದಿಲ್ಲ. ಬಾಳೆ ಎಲೆಗೆ ಎಣ್ಣೆ ಸವರಿ ಬೆರಳಿನಿಂದ ತಟ್ಟುತ್ತಾರೆ. ಉತ್ತರದಲ್ಲಿ ಒಣ ಹಿಟ್ಟು ಉದುರಿಸಿ ಲಟ್ಟಿಸುತ್ತಾರೆ. ಎರಡೂ ಸರಿ.

ಲಟ್ಟಿಸುವುದಾದರೆ ಹಗುರ ಲಟ್ಟಣಿಗೆ ಆರಿಸಿ. ಸಣ್ಣ ಲಟ್ಟಣಿಗೆ ಬೇಡ. ಅದು ಆಳಕ್ಕೆ ಒತ್ತುತ್ತದೆ. ಕಣಕ ಅಂಟುತ್ತಿದ್ದರೆ ಗೆರೆ ಇರುವ ಲಟ್ಟಣಿಗೆ ಬಳಸಿ ನೋಡಿ. ನಡುವಿನಿಂದ ಅಂಚಿಗೆ ಮೆಲ್ಲಗೆ ಉರುಳಿಸಿ.

ಇನ್ನೊಂದು ಮಾತು. ಕಣಕ ಮತ್ತು ಹೂರಣ ಎರಡೂ ಒಂದೇ ಹದಕ್ಕೆ ಇರಬೇಕು. ಹೂರಣ ಗಟ್ಟಿ, ಕಣಕ ಮೆತ್ತಗೆ ಆದರೆ ಎಂಥ ಲಟ್ಟಣಿಗೆ ಇದ್ದರೂ ಹೋಳಿಗೆ ಹರಿಯುತ್ತದೆ.

ಜೋಳದ ರೊಟ್ಟಿಗೆ

ಜೋಳದ ರೊಟ್ಟಿ ಬಡಿಯುವುದು ಹಳೆಯ ಪದ್ಧತಿ. ಪಟ ಪಟ ಸದ್ದು ಕೇಳಿದರೆ ಸಾಕು, ಮನೆಯಲ್ಲಿ ರೊಟ್ಟಿ ಆಗುತ್ತಿದೆ ಅಂತ ಓಣಿಗೆಲ್ಲ ಗೊತ್ತು. ಬಡಿಯುವುದಕ್ಕೆ ಲಟ್ಟಣಿಗೆ ಬೇಡ. ಅಂಗೈ ಸಾಕು. ಬಿರಿಯುವ ಹಿಟ್ಟಿಗೆ ಅಂಗೈ ತುಂಬ ಒಳ್ಳೆಯ ಸಾಧನ. ಯಾಕೆಂದರೆ ಅಂಚು ಒಡೆದ ತಕ್ಷಣ ಬೆರಳಿಗೆ ತಿಳಿಯುತ್ತದೆ. ಅಲ್ಲೇ ಒತ್ತಿ ಸರಿ ಮಾಡಬಹುದು.

ಆದರೆ ಬಡಿಯಲು ಬಹಳ ದಿನದ ರೂಢಿ ಬೇಕು. ಹೊಸಬರು ಲಟ್ಟಿಸುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಲಟ್ಟಿಸಿದ ರೊಟ್ಟಿಯೂ ರೊಟ್ಟಿಯೇ.

ಇದಕ್ಕೆ ಉದ್ದನೆಯ, ನುಣುಪಾದ, ಹಗುರ ಲಟ್ಟಣಿಗೆ ಬೇಕು. ತುದಿಯಿಂದ ತುದಿಗೆ ಒಂದೇ ದಪ್ಪ ಇರಬೇಕು. ಜೋರಾಗಿ ಎಳೆಯಬಾರದು. ಈ ಹಿಟ್ಟು ಹಿಗ್ಗುವುದಿಲ್ಲ, ಬಿರಿಯುತ್ತದೆ. ಮೊದಲು ಕೈಯಿಂದ ಸ್ವಲ್ಪ ತಟ್ಟಿ. ಕೆಳಗೂ ಮೇಲೂ ಒಣ ಹಿಟ್ಟು ಉದುರಿಸಿ. ಆಮೇಲೆ ಲಟ್ಟಣಿಗೆ ಹಿಡಿಯಿರಿ.

ಅತ್ತೆ ಸೊಸೆ ಮಾತು ಕೇಳಿ:

ಸೊಸೆ: ಅತ್ತಿ, ಎಷ್ಟು ಹಗೂರ ಲಟ್ಟಿಸಿದ್ರೂ ಅಂಚು ಒಡೀತದ. ನನ್ನ ಕೈಯಾಗ ರೊಟ್ಟಿ ಬರಂಗಿಲ್ಲ ನೋಡ್ರಿ.

ಅತ್ತೆ: ಜ್ವಾಳ ಬೀಸಿಸಿ ಎಷ್ಟು ದಿನ ಆತು?

ಸೊಸೆ: ತಿಂಗಳ ಮ್ಯಾಲಾತ್ರಿ.

ಅತ್ತೆ: ಹಂಗಾದ್ರ ನಿನ್ನ ಕೈದೂ ತಪ್ಪಿಲ್ಲ, ಲಟ್ಟಣಿಗಿದೂ ತಪ್ಪಿಲ್ಲ. ಹಿಟ್ಟು ಹಳೇದಾಗಿ ಜಿಗಿ ಹೋಗ್ಯಾದ. ಎಂಟ್ ದಿನಕ್ಕ ಬೇಕಾದಷ್ಟೇ ಬೀಸಿಸು. ನೀರು ಕುದಿಲಿ. ಒಂದೊಂದ ಉಂಡಿ ನಾದಕೊಂಡು ಆಗಿಂದಾಗ ರೊಟ್ಟಿ ಮಾಡು. ನಾದಿ ಇಟ್ರ ಒಣಗತದ.

ಸೊಸೆ: ಇಷ್ಟ ದಿನ ನನ್ನನ್ನ ನಾನ ಬೈಕೊಂಡೆ ನೋಡ್ರಿ!

ಹೌದು. ಎಷ್ಟೋ ಸಲ ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ. ಕಾರಣ ಬೇರೆ ಕಡೆ ಇರುತ್ತದೆ.

ಅಕ್ಕಿ ರೊಟ್ಟಿ, ರಾಗಿ ರೊಟ್ಟಿಗೆ

ಈರುಳ್ಳಿ, ಸೊಪ್ಪು, ಮೆಣಸಿನಕಾಯಿ ಹಾಕಿದ ಅಕ್ಕಿ ರೊಟ್ಟಿ ಅಥವಾ ರಾಗಿ ರೊಟ್ಟಿಗೆ ಲಟ್ಟಣಿಗೆ ಬೇಡವೇ ಬೇಡ. ಈರುಳ್ಳಿ ಚೂರು ಲಟ್ಟಣಿಗೆಗೆ ಸಿಕ್ಕಿ ರೊಟ್ಟಿ ಹರಿಯುತ್ತದೆ. ಎಲೆ ಅಥವಾ ಒದ್ದೆ ಬಟ್ಟೆಯ ಮೇಲೆ ಕೈಯಿಂದಲೇ ತಟ್ಟಿ.

ಮಲೆನಾಡಿನ ಉಕ್ಕರಿಸಿದ ಅಕ್ಕಿ ರೊಟ್ಟಿ ಬೇರೆ. ಅಲ್ಲಿ ಕುದಿಯುವ ನೀರಿಗೆ ಹಿಟ್ಟು ಹಾಕಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಚೆನ್ನಾಗಿ ನಾದುತ್ತಾರೆ. ಆಗ ಹಿಟ್ಟು ನುಣ್ಣಗೆ, ಅಂಟಾಗಿ ಬರುತ್ತದೆ. ಇದನ್ನು ಲಟ್ಟಿಸಬಹುದು. ನುಣುಪಾದ ಹಗುರ ಲಟ್ಟಣಿಗೆ ಸಾಕು.

ಹಪ್ಪಳಕ್ಕೆ

ಉದ್ದಿನ ಹಪ್ಪಳದ ಹಿಟ್ಟು ಗಟ್ಟಿಯೂ ಹೌದು, ಅಂಟೂ ಹೌದು. ಹಪ್ಪಳವೋ ಕಾಗದದಷ್ಟು ತೆಳು ಇರಬೇಕು. ಇದಕ್ಕೆ ಆಳಕ್ಕೆ ಒತ್ತುವ ಸಣ್ಣ ಲಟ್ಟಣಿಗೆ ಬೇಕು. ಹೆಬ್ಬೆರಳಿಗಿಂತ ತುಸು ದಪ್ಪ ಇದ್ದರೆ ಸಾಕು. ಗೆರೆ ಇದ್ದರೆ ಅಂಟುವುದಿಲ್ಲ. ಕೊನೆಯಲ್ಲಿ ನುಣುಪು ಲಟ್ಟಣಿಗೆ ಒಂದು ಸುತ್ತು ಆಡಿಸಿದರೆ ಗೆರೆಯ ಗುರುತು ಹೋಗುತ್ತದೆ.

ಹಪ್ಪಳ ಎಲ್ಲ ಕಡೆ ಸಮ ಇರಬೇಕು. ಇಲ್ಲದಿದ್ದರೆ ತೆಳು ಇದ್ದ ಕಡೆ ಸೀಯುತ್ತದೆ. ದಪ್ಪ ಇದ್ದ ಕಡೆ ಹಸಿ ಉಳಿಯುತ್ತದೆ. ಮನೆಯವರು ತಿಂದಾರು. ಹಣ ಕೊಟ್ಟವರು ಮತ್ತೆ ಕೊಳ್ಳುವುದಿಲ್ಲ.

ಏಳು ಹೆಂಗಸರ ಕಥೆ

ಇದು ನಡೆದ ಕಥೆ. 1959ರ ಮಾರ್ಚ್ 15. ಮುಂಬೈ ನಗರದ ಗಿರ್‌ಗಾಂವ್ ಎಂಬಲ್ಲಿ ಏಳು ಮಂದಿ ಹೆಂಗಸರು ಒಂದು ಕಟ್ಟಡದ ಮಾಳಿಗೆಯ ಮೇಲೆ ಸೇರಿದರು. ಅವರು ಹೆಚ್ಚು ಓದಿದವರಲ್ಲ. ಕೈಯಲ್ಲಿ ದುಡ್ಡೂ ಇರಲಿಲ್ಲ. 80 ರೂಪಾಯಿ ಸಾಲ ತಂದರು. ಹಪ್ಪಳ ಲಟ್ಟಿಸಿ ಮಾರಿದರು.

ಅದೇ ಮುಂದೆ "ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್" ಎಂಬ ದೊಡ್ಡ ಸಂಸ್ಥೆ ಆಯಿತು. ಪಾಪಡ್ ಅಂದರೆ ಹಪ್ಪಳ. ಸಾವಿರಾರು ಹೆಂಗಸರು ಅದರ ಸದಸ್ಯರಾದರು. ಅಲ್ಲಿ ಹಿಟ್ಟನ್ನು ಒಂದೇ ಕಡೆ ಕಲಸುತ್ತಾರೆ. ಸದಸ್ಯರು ಹಿಟ್ಟನ್ನು ಮನೆಗೆ ಒಯ್ಯುತ್ತಾರೆ. ಮನೆಯಲ್ಲೇ ಲಟ್ಟಿಸಿ ಒಣಗಿಸಿ ತಂದು ಕೊಡುತ್ತಾರೆ. ಹಪ್ಪಳ ನೋಡಿ, ತೂಕ ಮಾಡಿ ಹಣ ಕೊಡುತ್ತಾರೆ.

ಆ ಏಳು ಮಂದಿಯಲ್ಲಿ ಒಬ್ಬರು ಜಸ್ವಂತಿಬೆನ್ ಪೋಪಟ್. 2021ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಲಟ್ಟಣಿಗೆ ಹಿಡಿದ ಕೈಗೆ ಪದ್ಮಶ್ರೀ!

ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಸ್ವಸಹಾಯ ಸಂಘದ ಮಹಿಳೆಯರು "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಾರೆ. ಮನೆಯ ಅಡುಗೆಗೆ ಯಾರೂ ಕೂಲಿ ಕೊಡುವುದಿಲ್ಲ. ಅದೇ ಕೆಲಸ ಸಂತೆಗೆ ಹೋದಾಗ ಅದರ ಬೆಲೆ ಎಷ್ಟೆಂದು ಗೊತ್ತಾಗುತ್ತದೆ.

ಒಂದು ಲೆಕ್ಕ

ಒಬ್ಬಾಕೆ ಖಾನಾವಳಿಗೆ ದಿನಕ್ಕೆ 100 ಚಪಾತಿ ಮಾಡಿ ಕೊಡುತ್ತಾಳೆ ಎಂದುಕೊಳ್ಳಿ. ಸರಿಯಾದ ಲಟ್ಟಣಿಗೆಯಿಂದ ಒಂದು ಚಪಾತಿಗೆ ಅರ್ಧ ನಿಮಿಷ ಉಳಿಯಿತು.

100 ಚಪಾತಿಗೆ ಉಳಿದದ್ದು 50 ನಿಮಿಷ.
30 ದಿನಕ್ಕೆ ಉಳಿದದ್ದು 1,500 ನಿಮಿಷ.
ಅಂದರೆ 25 ಗಂಟೆ!

ಒಂದು ಇಡೀ ದಿನಕ್ಕಿಂತ ಹೆಚ್ಚು. ಆ ಹೊತ್ತಿನಲ್ಲಿ ಇನ್ನಷ್ಟು ಚಪಾತಿ ಮಾಡಬಹುದು. ಓದಬಹುದು. ಸುಮ್ಮನೆ ಕೂತು ಸೊಂಟ ನೇರ ಮಾಡಿಕೊಳ್ಳಬಹುದು. ಅದೂ ಬೇಕು.

ಕೊಳ್ಳುವಾಗ ಏನು ನೋಡಬೇಕು?

ಮನೆಗೆ ಟಿ.ವಿ. ತರುವಾಗ ನಾಲ್ಕು ಅಂಗಡಿ ತಿರುಗುತ್ತಾರೆ. ದಿನಾ ಹಿಡಿಯುವ ಲಟ್ಟಣಿಗೆಯನ್ನು ಜಾತ್ರೆಯಲ್ಲಿ ಕೈಗೆ ಸಿಕ್ಕಿದ್ದು ತರುತ್ತಾರೆ. ಎಷ್ಟೋ ಸಲ ತರುವವರು ಒಬ್ಬರು, ಹಿಡಿಯುವವರು ಇನ್ನೊಬ್ಬರು. ಹಿಡಿಯುವವರೇ ಆರಿಸಬೇಕು.

1. ಅಂಗಡಿಯಲ್ಲಿ ಸಮನಾದ ಹಲಗೆಯ ಮೇಲೆ ಉರುಳಿಸಿ ನೋಡಿ. ಕುಣಿಯುತ್ತಾ ಹೋದರೆ ಲಟ್ಟಣಿಗೆ ಡೊಂಕು. ಬೇಡ ಅನ್ನಿ.

2. ಬೆರಳಿನಿಂದ ಮೈ ಸವರಿ. ಸಿಬಿರು, ಗಂಟು, ಬಿರುಕು ಇರಬಾರದು. ಬಿರುಕಿನಲ್ಲಿ ಹಿಟ್ಟು ಸೇರುತ್ತದೆ. ಬೂಷ್ಟು ಹಿಡಿಯುತ್ತದೆ.

3. ಬಣ್ಣ ಬಳಿದದ್ದು ಬೇಡ. ಬಣ್ಣ ಸುಲಿದು ಹಿಟ್ಟಿಗೆ ಸೇರುತ್ತದೆ.

4. ಮರ ಗಟ್ಟಿ ಇರಲಿ, ಚೆನ್ನಾಗಿ ಒಣಗಿರಲಿ. ಹಸಿ ಮರ ಒಣಗಿದ ಮೇಲೆ ಬಾಗುತ್ತದೆ, ಬಿರಿಯುತ್ತದೆ. ತೇಗ, ಬೀಟೆಯಂಥ ಮರ ಬಹಳ ಕಾಲ ಬಾಳುತ್ತದೆ.

5. ಸ್ಟೀಲಿನ ಲಟ್ಟಣಿಗೆ ತೊಳೆಯಲು ಸುಲಭ. ನೀರು ಕುಡಿಯುವುದಿಲ್ಲ. ಆದರೆ ಎಣ್ಣೆ ಕೈಯಲ್ಲಿ ಜಾರುತ್ತದೆ. ಒಳಗೆ ಟೊಳ್ಳು ಇದ್ದರೆ ಹಗುರ, ಗಟ್ಟಿ ಇದ್ದರೆ ಭಾರ. ಎತ್ತಿ ನೋಡಿ.

6. ಕೆಲವು ಲಟ್ಟಣಿಗೆಯಲ್ಲಿ ಹಿಡಿ ನಿಂತಿರುತ್ತದೆ, ನಡುವಿನ ಭಾಗ ಮಾತ್ರ ಉರುಳುತ್ತದೆ. ಇದು ಅಂಗೈಯನ್ನು ಉಜ್ಜುವುದಿಲ್ಲ. ಆದರೆ ಹಿಡಿಯ ಸಂದಿಗೆ ಹಿಟ್ಟು ಸೇರುತ್ತದೆ. ಚೆನ್ನಾಗಿ ತೊಳೆಯಬೇಕು.

ಎಲ್ಲಕ್ಕೂ ಬೇರೆ ಬೇರೆ ಲಟ್ಟಣಿಗೆ ಕೊಳ್ಳಬೇಕೇ? ಬೇಡ. ಮನೆಗೆ ಎರಡು ಸಾಕು. ಚಪಾತಿ, ಹೋಳಿಗೆ, ರೊಟ್ಟಿಗೆ ಒಂದು ನುಣುಪಾದ ಹಗುರ ಲಟ್ಟಣಿಗೆ. ಪೂರಿಯಂಥ ಗಟ್ಟಿ ಹಿಟ್ಟಿಗೆ ಒಂದು ತೂಕದ ಲಟ್ಟಣಿಗೆ. ಹಪ್ಪಳದ್ದು ವರ್ಷಕ್ಕೊಮ್ಮೆ ಬೇಕು. ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಆಯಿತು.

ಲಟ್ಟಣಿಗೆಯ ಆರೈಕೆ

ಮರದ ಲಟ್ಟಣಿಗೆಯನ್ನು ನೀರಲ್ಲಿ ನೆನೆಹಾಕಬೇಡಿ. ಕೆಲಸ ಮುಗಿದ ಕೂಡಲೇ ತೊಳೆಯಿರಿ. ಬಟ್ಟೆಯಿಂದ ಒರೆಸಿ. ಗಾಳಿಗೆ ನಿಲ್ಲಿಸಿ. ಆಗಾಗ ಒಂದೆರಡು ಹನಿ ಅಡುಗೆ ಎಣ್ಣೆ ಸವರಿ. ಮೈ ಒರಟಾದರೆ ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಿಂದ ಉಜ್ಜಿ. ಮತ್ತೆ ನುಣುಪಾಗುತ್ತದೆ. ಆಳವಾಗಿ ಬಿರುಕು ಬಿಟ್ಟರೆ ಬದಲಾಯಿಸಿ.

ಕೈಯ ಆರೈಕೆ

ಲಟ್ಟಣಿಗೆ ಹಾಳಾದರೆ ಇನ್ನೊಂದು ತರಬಹುದು. ಮಣಿಕಟ್ಟು ಹಾಳಾದರೆ ತರಲು ಆಗುವುದಿಲ್ಲ.

ಲಟ್ಟಣಿಗೆಯನ್ನು ಬೆರಳಿನಿಂದ ಬಿಗಿಯಾಗಿ ಹಿಡಿಯಬೇಡಿ. ಅಂಗೈ ಅಡಿಯಲ್ಲಿ ಉರುಳಲು ಬಿಡಿ. ಮಣಿಕಟ್ಟು ಬಾಗಿಸಿ ಒತ್ತಬೇಡಿ. ಭುಜದಿಂದ ಒತ್ತಿ. ನಿಂತು ಲಟ್ಟಿಸುವವರಿಗೆ ಕಟ್ಟೆ ಮೊಣಕೈಗಿಂತ ಸ್ವಲ್ಪ ಕೆಳಗೆ ಇರಲಿ. ಹೆಚ್ಚು ಮಾಡುವ ದಿನ ನಡುನಡುವೆ ಕೈ ಬಿಟ್ಟು ಬೆರಳು ಆಡಿಸಿ.

ಬೆರಳು ಜೋಮು ಹಿಡಿಯುತ್ತದೆಯೇ? ರಾತ್ರಿ ಮಣಿಕಟ್ಟು ನೋಯುತ್ತದೆಯೇ? "ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಅಂತ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ ತೋರಿಸಿ.

ನೆನಪಿಡಿ

ಚಪಾತಿ: ನಡುವೆ ದಪ್ಪ, ತುದಿಗೆ ಸಣ್ಣ. ಹಗುರ.
ಪೂರಿ: ಗಿಡ್ಡ. ಒಂದೇ ದಪ್ಪ. ತೂಕ.
ಹೋಳಿಗೆ: ಹಗುರ. ಅಂಟಿದರೆ ಗೆರೆಯದು. ಇಲ್ಲವೇ ಬೆರಳು.
ಜೋಳದ ರೊಟ್ಟಿ: ಅಂಗೈ. ಇಲ್ಲವೇ ಉದ್ದನೆಯ ನುಣುಪು ಲಟ್ಟಣಿಗೆ.
ಈರುಳ್ಳಿ ಹಾಕಿದ ರೊಟ್ಟಿ: ಕೈ ಮಾತ್ರ.
ಹಪ್ಪಳ: ಸಣ್ಣ. ಗೆರೆಯದು.

ಮಾಡಿ ನೋಡಿ

ನಿಮ್ಮ ಲಟ್ಟಣಿಗೆಯನ್ನು ಅಡ್ಡ ಮಲಗಿಸಿ ಉರುಳಿಸಿ. ನೆಟ್ಟಗೆ ಹೋಗುತ್ತದೆಯೇ? ಕುಣಿಯುತ್ತದೆಯೇ?

ಪಕ್ಕದ ಮನೆಯ ಲಟ್ಟಣಿಗೆ ತನ್ನಿ. ಅದೇ ಹಿಟ್ಟಿನಲ್ಲಿ ಎರಡು ಚಪಾತಿ ಲಟ್ಟಿಸಿ. ಯಾವುದು ಸುಲಭವಾಯಿತು? ಯಾಕೆ?

ಕೂಡಿ ಮಾತಾಡಿ

1. ನಿಮ್ಮ ಮನೆಯ ಲಟ್ಟಣಿಗೆಯನ್ನು ಆರಿಸಿದವರು ಯಾರು?
2. ನಿಮ್ಮ ಊರಿನಲ್ಲಿ ರೊಟ್ಟಿ, ಹಪ್ಪಳ ಮಾರುವವರು ಇದ್ದಾರೆಯೇ? ಲೆಕ್ಕವನ್ನು ಯಾರು ಬರೆಯುತ್ತಾರೆ?
3. "ನಿನಗೆ ಕೈಗುಣ ಇಲ್ಲ" ಎಂದು ಯಾರಾದರೂ ಅಂದರೆ ಇನ್ನು ಮುಂದೆ ಏನು ಹೇಳುತ್ತೀರಿ?